ಸಂತೋಷವೆಂಬುದೊಂದು ಊರು

ಪತ್ರಿಕೆಯ ಆಟೋಟಗಳ ಪುಟದಲ್ಲಿ ‘ಸಂತೋಷ್ ಟ್ರೋಫಿ’ ಎಂಬ ಹೆಸರು ಕಣ್ಣಿಗೆ ಬಿದ್ದಾಗ ಕನ್ನಡಿಗನಿಗೆ ಮೊದಲು ಹೊಳೆಯುವ ಅರ್ಥ ಒಂದೇ: ಗೆದ್ದವರಿಗೆ ಸಂತೋಷವನ್ನುಂಟುಮಾಡುವುದರಿಂದ ಅದಕ್ಕೆ ಆ ಹೆಸರು ಬಂದಿರಬೇಕು. ಸೋತವರ ಪಾಡು ಹೇಗೋ! ಸಂತೋಷನೆಂಬ ಆಟಗಾರನೊಬ್ಬನ ನೆನಪಿಗಾಗಿ ಅದನ್ನು ಇರಿಸಿರಬೇಕೆಂದು ಊಹಿಸುವವರೂ ಉಂಟು. ಎರಡೂ ಸರಿಯಲ್ಲ. ಸಂತೋಷವೆಂಬುದು ಒಂದು ಊರು. ಪೂರ್ವ ಬಂಗಾಳದ ಟಾಂಗಾಯಿಲ್ ಸೀಮೆಯಲ್ಲಿದ್ದ ಒಂದು ಜಮೀನ್ದಾರಿಯ ಊರು. ಅದರ ಒಡೆಯರಾಗಿದ್ದವರು ಮಹಾರಾಜ ಸರ್ ಮನ್ಮಥನಾಥ ರಾಯ್ ಚೌಧುರಿ. ಬಂಗಾಳದ ಶಾಸನ ಪರಿಷತ್ತಿನ ಅಧ್ಯಕ್ಷ ಪೀಠವನ್ನು ಅಲಂಕರಿಸಿದ್ದ ಇವರು ಕಲ್ಕತ್ತೆಯ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷರೂ ಆಗಿದ್ದರು. 1939ರಲ್ಲಿ ಅವರು ತೀರಿಕೊಂಡರು. ಎರಡು ವರ್ಷಗಳ ತರುವಾಯ, ಪ್ರಾಂತ ಪ್ರಾಂತಗಳ ನಡುವೆ ಕಾಲ್ಚೆಂಡಿನ ಪಂದ್ಯಾವಳಿಯೊಂದನ್ನು ನಡೆಸಬೇಕೆಂಬ ಯೋಜನೆ ಕೈಗೂಡಿದಾಗ, ಅದೇ ಸಂಸ್ಥೆ ಅವರ ಹೆಸರಿನಲ್ಲಿ ಒಂದು ಬೆಳ್ಳಿಯ ಪಾರಿತೋಷಕವನ್ನು ಕೊಡಮಾಡಿತು.

ಆಮೇಲೆ ನಡೆದುದು ಚರಿತ್ರೆಯ ವಿನೋದ. 1947ರಲ್ಲಿ ದೇಶ ಇಬ್ಭಾಗವಾದಾಗ ಸಂತೋಷವೆಂಬ ಊರು ಗಡಿಯ ಆಚೆಗೆ ಹೋಯಿತು. ಸಂತೋಷವೆಂಬ ಹೆಸರು ಈಚೆಗೆ ಉಳಿಯಿತು. ಈಗ ಆ ಊರು ಬಾಂಗ್ಲಾದೇಶಕ್ಕೆ ಸೇರಿದೆ. ಭಾರತದ ರಾಜ್ಯಗಳು ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಯಾವ ಪಾರಿತೋಷಕಕ್ಕಾಗಿ ಬೆವರು ಸುರಿಸುತ್ತ ಬಂದಿವೆಯೋ ಅದು ಹೊತ್ತಿರುವುದು ಪರದೇಶದ ಒಂದು ಊರಿನ ಹೆಸರನ್ನು.

ಇದಕ್ಕೂ ಮೊದಲು ನಮ್ಮ ದೇಶದಲ್ಲಿ ಫುಟ್‌ಬಾಲಿಗೆ ಪಾರಿತೋಷಕಗಳ ಕೊರತೆಯೇನೂ ಇರಲಿಲ್ಲ. ಸಿಮ್ಲಾದ ಡ್ಯುರಾಂಡ್ ಕಪ್ 1888ರಷ್ಟು ಹಳೆಯದು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿಯೂ, ಕಲ್ಕತ್ತೆಯ ಐ.ಎಫ್.ಎ. ಷೀಲ್ಡ್ 1893ರಲ್ಲಿಯೂ ಹುಟ್ಟಿದವು. ಆದರೆ ಇವೆಲ್ಲ ಮೊದಮೊದಲು ಬಿಳಿಯ ಸೈನಿಕರ ಪಲ್ಟನ್ನುಗಳ ಸ್ವತ್ತು. 1911ರ ಜುಲೈ 29ರಂದು ಮೋಹನ ಬಾಗಾನ್ ಕ್ಲಬ್ಬಿನವರು ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನನ್ನು 2-1ರಿಂದ ಸೋಲಿಸಿ ಷೀಲ್ಡನ್ನು ಕಿತ್ತುಕೊಂಡದ್ದು, ಅದೂ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ, ಇಂದಿಗೂ ಬಂಗಾಳಿಗಳ ಮನೆಮಾತು. ಅಲ್ಲಿಂದಾಚೆಗೆ ಭಾರತೀಯರ ಕ್ಲಬ್ಬುಗಳು ತಲೆಯೆತ್ತಿದವು. ಆದರೂ ಕ್ಲಬ್ಬಿಗೂ ಕ್ಲಬ್ಬಿಗೂ ಪಂದ್ಯವಿತ್ತೇ ಹೊರತು ಪ್ರಾಂತಕ್ಕೂ ಪ್ರಾಂತಕ್ಕೂ ಇರಲಿಲ್ಲ. ಕಲ್ಕತ್ತೆಯ ಸಂಸ್ಥೆ ತನ್ನನ್ನೇ ‘ಇಂಡಿಯನ್’ ಎಂದು ಕರೆದುಕೊಂಡರೂ ಅದರ ಕೈ ಬಂಗಾಳದಾಚೆಗೆ ಹೆಚ್ಚು ಚಾಚುತ್ತಿರಲಿಲ್ಲ. 1937ರಲ್ಲಿ ಸಿಮ್ಲಾದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಸ್ಥಾಪನೆಯಾದ ಮೇಲೆಯೇ ಇಡೀ ದೇಶಕ್ಕೆ ಒಂದು ಪಂದ್ಯಾವಳಿ ಎಂಬ ಮಾತಿಗೆ ಅರ್ಥ ಬಂದುದು.

ಮೊದಲನೆಯ ಪಂದ್ಯಾವಳಿ 1941-42ರಲ್ಲಿ ಕಲ್ಕತ್ತೆಯಲ್ಲಿ ನಡೆಯಿತು. ಅಂತಿಮ ಪಂದ್ಯದಲ್ಲಿ ಬಂಗಾಳ ತಂಡ ದೆಹಲಿಯವರ ಮೇಲೆ ಐದು ಗೋಲು ಹೊಡೆದು ಒಂದನ್ನು ಬಿಟ್ಟುಕೊಟ್ಟಿತು. ಮಹಾಯುದ್ಧದ ಗದ್ದಲದಲ್ಲಿ ಮುಂದಿನ ಎರಡು ವರ್ಷ ಆಟವೇ ಇಲ್ಲ. 1944-45ರಲ್ಲಿ ದೆಹಲಿಯವರು ತಮ್ಮ ಊರಿನಲ್ಲಿಯೇ ಬಂಗಾಳವನ್ನು 2-0ರಿಂದ ಸೋಲಿಸಿ ಹಳೆಯ ಸಾಲವನ್ನು ತೀರಿಸಿಕೊಂಡರು. ಮರುವರ್ಷ ಮುಂಬಯಿಯಲ್ಲಿ ಮತ್ತೆ ಬಂಗಾಳ ಗೆದ್ದಿತು. ನಾಲ್ಕನೆಯ ಪಂದ್ಯಾವಳಿ ಬೆಂಗಳೂರಿಗೆ ಬಂದಿತು. ಇಲ್ಲಿಂದ ಕಥೆ ನಮ್ಮ ಮನೆಯಂಗಳಕ್ಕೆ ಕಾಲಿಡುತ್ತದೆ.

ಬೆಂಗಳೂರಿನಲ್ಲಿ ಕಾಲ್ಚೆಂಡು ಬೆಳೆದುದು ಪೇಟೆಯಲ್ಲಲ್ಲ, ದಂಡಿನಲ್ಲಿ. ಸೈನಿಕರ ಕವಾಯತು ಮೈದಾನಗಳ ಅಂಚಿನಲ್ಲಿ ನಿಂತು ನೋಡುತ್ತಿದ್ದ ಹುಡುಗರು ತಾವೂ ಚೆಂಡನ್ನು ಒದೆಯಲು ಕಲಿತರು. ಅಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರಗಳ ಓಣಿಗಳಲ್ಲಿ ತಮಿಳು, ಉರ್ದು, ಕನ್ನಡ ಮೂರೂ ಕಲೆತ ಮಾತಿನಲ್ಲಿ ಆಟ ಸಾಗುತ್ತಿತ್ತು. ಬಸವನಗುಡಿ, ಮಲ್ಲೇಶ್ವರಗಳ ಗೃಹಸ್ಥರ ಮನೆಗಳಲ್ಲಿ ಕ್ರಿಕೆಟ್ಟಿಗೆ ಸಂದ ಗೌರವ ಇದಕ್ಕೆ ಸಲ್ಲಲಿಲ್ಲವೆಂಬುದು ನಿಜ. ಆದರೆ ಅಖಿಲ ಭಾರತದ ಆಟದ ಭೂಪಟದಲ್ಲಿ ಬೆಂಗಳೂರಿನ ಹೆಸರನ್ನು ಮೊದಲು ಬರೆದವರು ಈ ಓಣಿಗಳವರೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಕ್ಲಬ್ಬಿನವರು ಮುಂಬಯಿಗೆ ಹೋಗಿ, ಆ ಕಾಲದ ಅಜೇಯರೆನಿಸಿದ್ದ ಕಲ್ಕತ್ತೆಯ ಮೊಹಮೆಡನ್ ಸ್ಪೋರ್ಟಿಂಗ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ರೋವರ್ಸ್ ಕಪ್ಪನ್ನು ತಂದರು. ಅದುವರೆಗೆ ಭಾರತೀಯರ ಯಾವ ನಾಗರಿಕ ಕ್ಲಬ್ಬಿಗೂ ಅದು ದಕ್ಕಿರಲಿಲ್ಲ. ಮರುವರ್ಷ ಮತ್ತೆ ಹೋಗಿ ಮತ್ತೆ ಗೆದ್ದರು.

ಇಂತಹ ಊರಿನಲ್ಲಿ 1946-47ರ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯ ಮೈಸೂರಿಗೂ ಬಂಗಾಳಕ್ಕೂ ಏರ್ಪಟ್ಟಿತು. ಮೊದಲ ದಿನ ಯಾರೂ ಗೋಲು ಹೊಡೆಯಲಿಲ್ಲ. ಈಗಿನಂತೆ ಐದೈದು ಒದೆತಗಳಲ್ಲಿ ಸೋಲುಗೆಲುವನ್ನು ತೀರ್ಮಾನಿಸುವ ಪದ್ಧತಿ ಅಂದು ಇರಲಿಲ್ಲ. ಪಂದ್ಯ ಸಮವಾದರೆ ಮತ್ತೊಮ್ಮೆ ಪೂರ್ತಿಯಾಗಿ ಆಡಬೇಕು. ಆಡಿದರು. ಮೈಸೂರು 2-1ರಿಂದ ಗೆದ್ದಿತು. ದೇಶಕ್ಕೆ ಸ್ವಾತಂತ್ರ್ಯ ಬರುವ ಮುನ್ನ ಸಂತೋಷ್ ಟ್ರೋಫಿಯನ್ನು ಗೆದ್ದ ತಂಡಗಳು ಮೂರೇ: ಬಂಗಾಳ, ದೆಹಲಿ, ಮೈಸೂರು.

ಆ ವರ್ಷಗಳ ಬೆಂಗಳೂರಿನ ಆಟಗಾರರ ಕೀರ್ತಿ ಊರಿನಲ್ಲಿ ನಿಲ್ಲಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿದಾಗ ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಿನವರು. ಸಿಕ್ಕಿದ ಎರಡು ಪೆನಾಲ್ಟಿಗಳನ್ನು ವ್ಯರ್ಥಮಾಡಿಕೊಂಡು 2-1ರಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಲ್ಕು ವರ್ಷಗಳ ಮೇಲೆ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮವರ ಮೇಲೆ ಹತ್ತು ಗೋಲು ಹೇರಿತು. ಆ ದಿನ ಭಾರತದ ಮಾನ ಉಳಿಸಿದ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನರದು. ಆ ಸೋಲಿನ ತರುವಾಯವೇ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಅಹಮದ್ ಖಾನ್ ಮತ್ತು ಕೆ. ಪಿ. ಧನರಾಜ್ ಇಬ್ಬರೂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಸೇರಿ, ವೆಂಕಟೇಶ್, ಅಪ್ಪಾರಾವ್, ಸಾಲೆ ಎಂಬ ಮೂವರೊಡನೆ ‘ಪಂಚಪಾಂಡವರು’ ಎಂದು ಬಿರುದು ಪಡೆದರು. ಐವರೂ ದಕ್ಷಿಣದವರು, ಬಿರುದು ಕೊಟ್ಟವರು ಮಾತ್ರ ಬಂಗಾಳಿಗಳು.

ಇಲ್ಲಿಯೇ ಒಂದು ನೋವಿನ ಎಳೆಯೂ ಇದೆ. ಆಟವನ್ನೇ ನಂಬಿ ಬದುಕಬೇಕೆಂದವನಿಗೆ ಅಂದು ಕಲ್ಕತ್ತೆಯ ಹೊರತು ದಾರಿಯಿರಲಿಲ್ಲ. ಅಲ್ಲಿಯ ಕ್ಲಬ್ಬಿಗೆ ಸೇರಿದವನು ರಾಷ್ಟ್ರೀಯ ಪಂದ್ಯಗಳಲ್ಲಿ ಬಂಗಾಳದ ಪರವಾಗಿ ಆಡುವುದು ರೂಢಿ. ಹೀಗಾಗಿ ಬೆಂಗಳೂರು, ಹೈದರಾಬಾದುಗಳು ತಾವೇ ಹೆತ್ತ ಮಕ್ಕಳ ಎದುರು ತಾವೇ ನಿಲ್ಲಬೇಕಾಗುತ್ತಿತ್ತು. ಬಂಗಾಳದ ಗೆಲುವುಗಳ ಪಟ್ಟಿ ಅಷ್ಟು ಉದ್ದವಾದುದಕ್ಕೆ ಇದೂ ಒಂದು ಕಾರಣವೆಂದರೆ ಆ ನಾಡಿನ ಆಟಕ್ಕೆ ಅಗೌರವ ತೋರಿದಂತಾಗದು.

ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮೈಸೂರು ತಂಡದ ಸಾಧನೆಯ ತೂಕ ತಿಳಿಯುತ್ತದೆ. 1949-50ರಿಂದ ಮೂರು ವರ್ಷ ಬಂಗಾಳ ಸತತವಾಗಿ ಗೆದ್ದಿತ್ತು. 1952-53ರಲ್ಲಿ ಪಂದ್ಯಾವಳಿ ಮತ್ತೆ ಬೆಂಗಳೂರಿಗೆ ಬಂದಾಗ ಮೈಸೂರಿನವರು ಒಂದೇ ಗೋಲಿನಿಂದ ಆ ಓಟವನ್ನು ತಡೆದರು. 1953-54ರಲ್ಲಿ ಕಲ್ಕತ್ತೆಯಲ್ಲಿ ಬಂಗಾಳ ಸೇಡು ತೀರಿಸಿಕೊಂಡಿತು. 1955-56ರಲ್ಲಿ ಎರ್ನಾಕುಲಂನಲ್ಲಿ ಮತ್ತೆ ಸೋಲು. 1962-63ರಲ್ಲಿ ಬೆಂಗಳೂರಿನ ಜನರ ಕಣ್ಣೆದುರಿಗೇ ಸೋಲು. ಆಮೇಲೆ 1967-68ರಲ್ಲಿ ಕಟಕದಲ್ಲಿ 1-0 ಗೆಲುವು. ಮುಂದಿನ ವರ್ಷ ಬೆಂಗಳೂರಿನಲ್ಲಿ ಮೊದಲ ದಿನ ಸಮ, ಎರಡನೆಯ ಪಂದ್ಯದಲ್ಲಿ ಮತ್ತೆ 1-0. ಈ ನಾಲ್ಕು ಗೆಲುವುಗಳಲ್ಲಿಯೂ ಎದುರು ನಿಂತಿದ್ದ ತಂಡ ಬಂಗಾಳವೇ! ದೊಡ್ಡ ತಂಡ ಎಲ್ಲಿಯೋ ಎಡವಿ, ಸಣ್ಣವರೊಡನೆ ಆಡಿ ಗೆದ್ದ ಗೆಲುವು ಇದರಲ್ಲಿ ಒಂದೂ ಇಲ್ಲ. ಭಾರತದ ಕಾಲ್ಚೆಂಡಾಟಕ್ಕೇ ಅದು ಹೊನ್ನಿನ ಕಾಲ. 1956ರಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಮ್ಮ ತಂಡ ನಾಲ್ಕನೆಯ ಸ್ಥಾನಕ್ಕೇರಿತು. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿತು. ಮೈಸೂರು ಸೀಮೆಯ ಕೆಂಪಯ್ಯನವರು ಆ ಕಾಲದ ಒಲಿಂಪಿಕ್ ತಂಡದಲ್ಲಿ ಸ್ಥಾನ ಪಡೆದಿದ್ದವರು. ರಾಷ್ಟ್ರದ ತಂಡಕ್ಕೆ ಆಟಗಾರರನ್ನು ಆರಿಸುವವರ ಕಣ್ಣು ಸಂತೋಷ್ ಟ್ರೋಫಿಯ ಮೇಲೆ ನೆಟ್ಟಿರುತ್ತಿದ್ದ ದಿನಗಳವು.

ಈ ಪಂದ್ಯಾವಳಿಗೆ ಕನ್ನಡನಾಡು ಇನ್ನೊಂದು ಕಾಣಿಕೆಯನ್ನೂ ಕೊಟ್ಟಿದೆ. ಎರಡನೆಯ ಸ್ಥಾನ ಪಡೆದವರಿಗೆ ಕಮಲಾ ಗುಪ್ತಾ ಟ್ರೋಫಿ. ಅದನ್ನಿತ್ತವರು ಡಾಕ್ಟರ್ ಎಸ್. ಕೆ. ಗುಪ್ತಾ, ತಮ್ಮ ಪತ್ನಿಯ ಹೆಸರಿನಲ್ಲಿ. ಮೂರನೆಯ ಸ್ಥಾನಕ್ಕೆ ಸಂಪಂಗಿ ಕಪ್. ಬೆಂಗಳೂರಿನವರಿಗೆ ಸಂಪಂಗಿ ಎಂದೊಡನೆ ನೆನಪಾಗುವುದು ಕಂಠೀರವ ಕ್ರೀಡಾಂಗಣದ ಅಡಿಯಲ್ಲಿ ಅಡಗಿಹೋದ ಕೆರೆ. ಆದರೆ ಈ ಸಂಪಂಗಿ ಮೈಸೂರಿನ ಒಬ್ಬ ಹೆಸರಾಂತ ಆಟಗಾರ. ಅವರ ಸ್ಮರಣೆಗಾಗಿ ಮೈಸೂರಿನ ಫುಟ್‌ಬಾಲ್ ಸಂಸ್ಥೆ ಆ ಕಪ್ಪನ್ನು ನೀಡಿತು. ಒಬ್ಬ ಜಮೀನ್ದಾರ, ಒಬ್ಬ ಗೃಹಿಣಿ, ಒಬ್ಬ ಆಟಗಾರ: ಮೂರು ಪಾರಿತೋಷಕಗಳಲ್ಲಿ ಚೆಂಡನ್ನು ಒದ್ದು ಹೆಸರಾದವನ ನೆನಪಿರುವುದು ಮೂರನೆಯದರಲ್ಲಿ.

ಸಮವಾದ ಪಂದ್ಯವನ್ನು ಮತ್ತೆ ಆಡುವ ಹಳೆಯ ಪದ್ಧತಿ ಒಮ್ಮೆ ವಿಚಿತ್ರವಾದ ಸಂದರ್ಭವನ್ನು ತಂದೊಡ್ಡಿತು. 1982-83ರಲ್ಲಿ ಕಲ್ಕತ್ತೆಯಲ್ಲಿ ಬಂಗಾಳಕ್ಕೂ ಗೋವೆಗೂ ನಡೆದ ಅಂತಿಮ ಪಂದ್ಯ ಗೋಲಿಲ್ಲದೆ ಮುಗಿಯಿತು. ಮರುಪಂದ್ಯವೂ ಹಾಗೆಯೇ ಮುಗಿಯಿತು. ಕೊನೆಗೆ ಇಬ್ಬರನ್ನೂ ವಿಜೇತರೆಂದು ಸಾರಬೇಕಾಯಿತು. ಮುಂದಿನ ವರ್ಷ ಮದರಾಸಿನಲ್ಲಿ ಗೋವೆಯವರು ಪಂಜಾಬನ್ನು ಸೋಲಿಸಿ, ಯಾರೊಡನೆಯೂ ಹಂಚಿಕೊಳ್ಳಬೇಕಿಲ್ಲದ ಗೆಲುವನ್ನು ಪಡೆದರು.

ಬೇರೆ ಬೇರೆ ರಾಜ್ಯಗಳ ಸರದಿ ಬೇರೆ ಬೇರೆ ಕಾಲಕ್ಕೆ ಬಂದಿತು. ಐವತ್ತರ ದಶಕದಲ್ಲಿ ಎಸ್. ಎ. ರಹೀಂ ಎಂಬ ಶಿಕ್ಷಕನ ಗರಡಿಯಲ್ಲಿ ಪಳಗಿದ ಹೈದರಾಬಾದು 1956-57, 1957-58ರಲ್ಲಿ ಗೆದ್ದಿತು. 1960-61ರಲ್ಲಿ ಸೈನ್ಯದವರ ಸರ್ವಿಸಸ್ ತಂಡ, ಮರುವರ್ಷ ರೈಲ್ವೆಯವರು. ಈ ಎರಡಕ್ಕೂ ತಮ್ಮದೆಂಬ ನೆಲವಿಲ್ಲ. ನೌಕರಿಯೇ ಅವರ ನಾಡು. ಬೆಂಗಳೂರಿನಲ್ಲಿಯೇ ನೆಲೆಯಿರುವ ಎಂ.ಇ.ಜಿ., ಎ.ಎಸ್.ಸಿ. ದಳಗಳ ಆಟಗಾರರು ಸರ್ವಿಸಸ್ ಪರವಾಗಿ ಕರ್ನಾಟಕದ ಎದುರು ಆಡಬೇಕಾಗುವುದೂ ಇದೆ. ಕೇರಳದ ಮಾತು ಬೇರೆ. ಅಲ್ಲಿ ಈ ಆಟ ಹಬ್ಬಕ್ಕೆ ಸಮಾನ. ಆದರೂ ಮೊದಲ ಗೆಲುವಿಗೆ 1973ರವರೆಗೆ ಕಾಯಬೇಕಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಎರ್ನಾಕುಲಂನಲ್ಲಿ ರೈಲ್ವೆಯವರ ಎದುರು 3-2ರಿಂದ ಗೆದ್ದಾಗ ಮೂರು ಗೋಲುಗಳನ್ನೂ ಹೊಡೆದವರು ನಾಯಕ ಮಣಿಯವರೇ. ಅಂದಿನಿಂದ ಮಲೆಯಾಳಿಗಳ ಬಾಯಲ್ಲಿ ಅವರು ‘ಕ್ಯಾಪ್ಟನ್ ಮಣಿ’ಯಾದರು. ಮುಂದಿನ ವರ್ಷ ಜಲಂಧರದಲ್ಲಿ ಪಂಜಾಬಿನ ಇಂದರ್ ಸಿಂಗ್ ಒಂದೇ ಪಂದ್ಯಾವಳಿಯಲ್ಲಿ 23 ಗೋಲು ಹೊಡೆದರು; ಅಂತಿಮ ಪಂದ್ಯದಲ್ಲಿ ಬಂಗಾಳ ಸೋತುದು 6-0ರಿಂದ. ಈಚಿನ ಕಾಲದಲ್ಲಿ ಈಶಾನ್ಯದ ಬೆಟ್ಟಗಾಡಿನವರು ಮುಂದೆ ಬಂದಿದ್ದಾರೆ: ಮಣಿಪುರ 2002-03ರಲ್ಲಿ, ಮಿಜೋರಾಂ 2013-14ರಲ್ಲಿ ವಿಜಯಿಗಳಾದರು.

ಈ ಮಧ್ಯೆ ನಮ್ಮ ತಂಡ ಎಲ್ಲಿ ಹೋಯಿತು? 1970-71ರಲ್ಲಿ ಜಲಂಧರದ ಅಂತಿಮ ಪಂದ್ಯದಲ್ಲಿ ಪಂಜಾಬಿಗೆ ಸೋತಾಗ ಅದರ ಹೆಸರು ಮೈಸೂರು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಹೊಸ ಹೆಸರಿನ ತಂಡ 1975-76ರಲ್ಲಿ ಕಲ್ಲಿಕೋಟೆಯಲ್ಲಿ ಅಂತಿಮ ಪಂದ್ಯಕ್ಕೆ ಬಂದು, ಮೊದಲ ದಿನ ಬಂಗಾಳವನ್ನು ತಡೆದು ನಿಲ್ಲಿಸಿ, ಮರುಪಂದ್ಯದಲ್ಲಿ 3-1ರಿಂದ ಸೋತಿತು. ಅಲ್ಲಿಂದ ಮುಂದೆ ನಲವತ್ತೇಳು ವರ್ಷ ಅಂತಿಮ ಪಂದ್ಯದ ಹೊಸ್ತಿಲನ್ನೂ ಮುಟ್ಟಲಿಲ್ಲ. 1968-69ರಲ್ಲಿ ಟ್ರೋಫಿಯನ್ನು ಎತ್ತಿಹಿಡಿದ ಆಟಗಾರರು ಮೊಮ್ಮಕ್ಕಳನ್ನು ಕಂಡರು. ಬೆಂಗಳೂರಿನ ಬಯಲುಗಳ ಮೇಲೆ ಬಡಾವಣೆಗಳೆದ್ದವು. ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳು ಒಳ್ಳೆಯ ಆಟಗಾರನಿಗೆ ಕೆಲಸ ಕೊಟ್ಟು, ಬೆಳಿಗ್ಗೆ ಯಂತ್ರ, ಸಂಜೆ ಚೆಂಡು ಎಂಬಂತೆ ಸಾಕಿದ ಕಾಲವೊಂದಿತ್ತು. ಅಂತಹ ನೌಕರಿಗಳು ಕ್ರಮೇಣ ಕಡಮೆಯಾದವು. ಓಣಿಯ ಹುಡುಗನ ತಾಯಿತಂದೆಗಳಿಗೆ ಕಾಲ್ಚೆಂಡಾಟವೆಂದರೆ ಹೊಟ್ಟೆಪಾಡಿನ ಭರವಸೆಯೂ ಆಗಿತ್ತೆಂಬುದನ್ನು ಮರೆತು ಆಟದ ಇಳಿತವನ್ನು ವಿವರಿಸಹೊರಟರೆ ಅದು ಅರ್ಧ ವಿವರಣೆಯಾದೀತು.

ದೇಶದ ಆಟದ ರೀತಿಯೂ ಬದಲಾಯಿತು. 1996ರಲ್ಲಿ ರಾಷ್ಟ್ರೀಯ ಲೀಗ್ ಮೊದಲಾಯಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದಿತು. ಕ್ಲಬ್ಬುಗಳು ಲಕ್ಷಗಟ್ಟಲೆ ಸಂಬಳ ಕೊಡತೊಡಗಿದ ಮೇಲೆ ಹೆಸರಾದ ಆಟಗಾರರು ಸಂತೋಷ್ ಟ್ರೋಫಿಯಿಂದ ದೂರ ಉಳಿದರು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ. ಮೊದಲ ವರ್ಷವೇ ಐ-ಲೀಗನ್ನು ಗೆದ್ದು, ಕಂಠೀರವ ಕ್ರೀಡಾಂಗಣದಲ್ಲಿ ಸಾವಿರಾರು ತರುಣ ತರುಣಿಯರು ನೀಲಿ ಅಂಗಿ ತೊಟ್ಟು ಕೂಗುವಂತೆ ಮಾಡಿತು. ನಗರದ ಮಧ್ಯಮ ವರ್ಗದ ಮನೆಗಳಿಗೆ ಈ ಆಟ ಕೊನೆಗೂ ಪ್ರವೇಶಿಸಿತೆನ್ನಬಹುದು. ಆದರೆ ಅಲ್ಲಿ ಕೂಗಿದವರಲ್ಲಿ ಎಷ್ಟು ಮಂದಿಗೆ ತಮ್ಮ ರಾಜ್ಯಕ್ಕೂ ಒಂದು ತಂಡವಿದೆಯೆಂಬುದು ಗೊತ್ತಿದ್ದೀತು? ಅದೇ ಸಮಯದಲ್ಲಿ ಅಲಸೂರಿನ ಬಳಿಯ ಗೌತಮಪುರದಲ್ಲಿ, ಬುದ್ಧ, ಅಂಬೇಡ್ಕರ್ ಮತ್ತು ಮದರ್ ತೆರೇಸಾರ ಪ್ರತಿಮೆಗಳ ಜತೆಯಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡ ಜನ ತಮ್ಮ ಮಕ್ಕಳನ್ನು ಎಂದಿನಂತೆ ಮೈದಾನಕ್ಕೆ ಕಳುಹಿಸುತ್ತಿದ್ದರು.

2022ರಲ್ಲಿ ಕರ್ನಾಟಕ ತಂಡ ಕೇರಳದ ಮಂಜೇರಿಯಲ್ಲಿ ಉಪಾಂತ್ಯ ಪಂದ್ಯಕ್ಕೆ ತಲುಪಿತು. ಅಲ್ಲಿ ಕೇರಳ ಏಳು ಗೋಲು ಹೊಡೆಯಿತು. ಅವುಗಳಲ್ಲಿ ಐದನ್ನು ಬದಲಿ ಆಟಗಾರನಾಗಿ ಬಂದ ಜೆಸಿನ್ ಒಬ್ಬರೇ ಹೊಡೆದರು. 7-3ರ ಸೋಲು. ಇಂತಹ ಪೆಟ್ಟು ತಿಂದ ತಂಡ ಮರುವರ್ಷ ಮೇಲೇಳುವುದೆಂದು ಯಾರೂ ನಿರೀಕ್ಷಿಸಿರಲಾರರು.

2022-23ರ ಪಂದ್ಯಾವಳಿಯ ಕೊನೆಯ ಸುತ್ತು ಭುವನೇಶ್ವರದಲ್ಲಿ ಆರಂಭವಾಗಿ, ಉಪಾಂತ್ಯ ಮತ್ತು ಅಂತಿಮ ಪಂದ್ಯಗಳು ಸೌದಿ ಅರೇಬಿಯದ ರಿಯಾಧ್ ನಗರಕ್ಕೆ ಹೋದವು. ಸಂತೋಷ್ ಟ್ರೋಫಿ ಕಡಲು ದಾಟಿದುದು ಅದೇ ಮೊದಲು. ರಾಜ್ಯ ರಾಜ್ಯಗಳ ಪಂದ್ಯವನ್ನು ಆ ರಾಜ್ಯಗಳ ಜನ ನೋಡಲಾಗದ ಕಡೆಗೆ ಒಯ್ಯುವುದು ಯಾವ ನ್ಯಾಯ ಎಂದು ಕೇಳುವುದು ತಪ್ಪಲ್ಲ. ಆದರೆ ಊರಿನ ಮಣ್ಣಿನ ಮೈದಾನಗಳಲ್ಲಿ ಆಡಿ ಬೆಳೆದ ಹುಡುಗರಿಗೆ ಕಿಂಗ್ ಫಹದ್ ಕ್ರೀಡಾಂಗಣದಂತಹ ಭವ್ಯ ಸ್ಥಳದಲ್ಲಿ ಆಡುವ ಭಾಗ್ಯ ಇನ್ನಾವ ದಾರಿಯಿಂದ ಬಂದೀತು ಎಂಬುದೂ ಯೋಚಿಸತಕ್ಕ ಮಾತೇ. ಉಪಾಂತ್ಯದಲ್ಲಿ ಕರ್ನಾಟಕ ಬಲಿಷ್ಠ ಸರ್ವಿಸಸ್ ತಂಡವನ್ನು 3-1ರಿಂದ ಮಣಿಸಿತು. ಇನ್ನೊಂದು ಕಡೆಯಿಂದ ಪಂಜಾಬನ್ನು ಸೋಲಿಸಿ ಬಂದುದು ಮೇಘಾಲಯ; ಅವರಿಗೆ ಅಂತಿಮ ಪಂದ್ಯವೆಂಬುದೇ ಮೊದಲ ಅನುಭವ.

2023ರ ಮಾರ್ಚ್ 4. ಆಟ ಆರಂಭವಾಗಿ ಕೆಲವೇ ನಿಮಿಷಗಳಲ್ಲಿ ಸುನಿಲ್ ಕುಮಾರ್ ಕರ್ನಾಟಕದ ಮೊದಲ ಗೋಲು ಹೊಡೆದರು. ಸ್ವಲ್ಪ ಹೊತ್ತಿನಲ್ಲಿಯೇ ಮೇಘಾಲಯದ ಬ್ರೋಲಿಂಗ್ಟನ್ ಪೆನಾಲ್ಟಿಯಿಂದ ಸಮಮಾಡಿದರು. ಬೇಕೆ ಓರಾಂ ಮತ್ತೆ ಮುನ್ನಡೆ ತಂದರು. ವಿರಾಮಕ್ಕೆ ತುಸು ಮುಂಚೆ ರಾಬಿನ್ ಯಾದವ್ ಫ್ರೀಕಿಕ್ಕಿನಲ್ಲಿ ಚೆಂಡನ್ನು ನೇರವಾಗಿ ಬಲೆಗೆ ಕಳುಹಿಸಿದರು. ಎರಡನೆಯ ಅರ್ಧದಲ್ಲಿ ಮೇಘಾಲಯದ ಷೀನ್ ಒಂದನ್ನು ತೀರಿಸಿದಾಗ ಆಟದಲ್ಲಿ ಇನ್ನೂ ಅರ್ಧ ಗಂಟೆ ಬಾಕಿ. ಆ ಅರ್ಧ ಗಂಟೆಯನ್ನು ಕರ್ನಾಟಕದ ರಕ್ಷಣೆಯವರು ಹಲ್ಲುಕಚ್ಚಿ ಕಳೆದರು. 3-2. ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಕನ್ನಡನಾಡಿಗೆ ಮರಳಿತು. ದಾಖಲೆಯಲ್ಲಿ ಇದು ಐದನೆಯ ಗೆಲುವು. ‘ಕರ್ನಾಟಕ’ ಎಂಬ ಹೆಸರಿಗೆ ಮೊದಲನೆಯದು. ಗೆದ್ದವರ ಹೆಸರುಗಳನ್ನು ನೋಡಿದರೆ ಓರಾಂ ಇದ್ದಾರೆ, ಯಾದವ್ ಇದ್ದಾರೆ. ದೂರದೂರದ ಸೀಮೆಗಳ ಹೆಸರುಗಳು ಈಗ ಬೆಂಗಳೂರಿನ ಕ್ಲಬ್ಬುಗಳಲ್ಲಿ ಕೇಳಿಸುತ್ತವೆ. ಒಂದು ಕಾಲಕ್ಕೆ ನಮ್ಮ ಹುಡುಗರು ಕಲ್ಕತ್ತೆಗೆ ಹೋಗಿ ಬಂಗಾಳವನ್ನು ಗೆಲ್ಲಿಸಿದರು. ಆ ಲೆಕ್ಕ ಸ್ವಲ್ಪ ಸರಿದೂಗಿತೆನ್ನಬೇಕು.

ಮರುವರ್ಷ ವಿಜೇತರೆಂಬ ಬಿರುದನ್ನು ಹೊತ್ತು ಅರುಣಾಚಲಕ್ಕೆ ಹೋದ ಕರ್ನಾಟಕ ಕೊನೆಯ ಎಂಟರ ಘಟ್ಟವನ್ನು ತಲುಪಲಿಲ್ಲ. ಪಾರಿತೋಷಕ ಸರ್ವಿಸಸ್ ಪಾಲಾಯಿತು. 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಬಂಗಾಳ ಮತ್ತು ಕೇರಳಗಳ ಅಂತಿಮ ಪಂದ್ಯ ಗೋಲಿಲ್ಲದೆ ನಿಗದಿತ ಸಮಯವನ್ನು ದಾಟಿದಾಗ, ಪೋಲಾದ ಹೊತ್ತಿಗೆಂದು ಕೊಟ್ಟ ಕೆಲವು ನಿಮಿಷಗಳಲ್ಲಿ ರಾಬಿ ಹಾನ್ಸ್‌ದಾ ಎಂಬ ತರುಣ ಪಂದ್ಯದ ಒಂದೇ ಗೋಲನ್ನು ಹೊಡೆದರು. ಆ ಪಂದ್ಯಾವಳಿಯಲ್ಲಿ ಅದು ಅವರ ಹನ್ನೆರಡನೆಯ ಗೋಲು. ಬಂಗಾಳಕ್ಕೆ ಮೂವತ್ತಮೂರನೆಯ ಗೆಲುವು. ತಂಡ ಊರಿಗೆ ಹಿಂದಿರುಗಿದ ಬಳಿಕ ಆ ರಾಜ್ಯದ ಸರ್ಕಾರ ಆಟಗಾರರಿಗೆ ಕೊಟ್ಟ ಬಹುಮಾನ ಪೊಲೀಸ್ ಇಲಾಖೆಯಲ್ಲಿ ನೌಕರಿ.